ಮರುಕರೆಯ ಕ್ರಮ: ಒಂದು ವಿಮರ್ಶೆ

ಗ್ರಂಥವನ್ನು ವಿಮರ್ಶಿಸುವಂತೆ ಗಣಕಯಂತ್ರಕ್ಕಾಗಿ ಬರೆದ ಕ್ರಮವಿಧಿಯನ್ನೂ ವಿಮರ್ಶಿಸಬಹುದು. ಅದನ್ನು ಯಂತ್ರವು ನಡೆಯಿಸುವುದು ಎಷ್ಟು ನಿಜವೋ, ಮುಂದೆ ತಿದ್ದುವವನು ಅದನ್ನು ಓದಬೇಕಾಗುವುದೂ ಅಷ್ಟೇ ನಿಜ. ರಾಡ್ ಜಾನ್ಸನ್ ಎಂಬವರು 2002ರಲ್ಲಿ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿ, 2004ರಲ್ಲಿ 1.0 ಆವೃತ್ತಿಯನ್ನು ಕಂಡ ‘ಸ್ಪ್ರಿಂಗ್’ ಚೌಕಟ್ಟಿನಲ್ಲಿ ನೆಲೆಗೊಳಿಸಿದ ‘ಕಾಲ್‌ಬ್ಯಾಕ್’ ಕ್ರಮವು ಇಲ್ಲಿಯ ವಿಚಾರವಸ್ತು. ಅದನ್ನು ಮರುಕರೆ ಎನ್ನೋಣ.

ಈ ಶತಮಾನದ ಆದಿಯಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಡೇಟಾಬೇಸಿಗೆ ಸೇರಿದುವು. ಮುಂಡಗೋಡ ತಾಲ್ಲೂಕಿನ ಪಾಳಾದ ರೈತನಿಗೆ ಉತಾರವು ದೊರೆಯುವುದು ಅಂತಹ ಕೋಶದಿಂದಲೇ. ಆ ಯೋಜನೆಯ ಒಳರಚನೆಯು ನಮಗೆ ಪ್ರಕೃತವಲ್ಲ. ಪಾಳಾದ ಸರ್ವೆ ನಂಬರುಗಳನ್ನೆಲ್ಲ ಓದಿ ವಿಸ್ತೀರ್ಣವನ್ನು ಕೂಡಿಸುವ ಕ್ರಮವಿಧಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಜಾವಾ ಭಾಷೆಯ ಜೆಡಿಬಿಸಿ ಪದ್ಧತಿಯಲ್ಲಿ ಲೇಖಕನು ಸಂಪರ್ಕವನ್ನು ತೆರೆದು, ಪ್ರಶ್ನೆಯನ್ನು ಸಿದ್ಧಪಡಿಸಿ, ಉತ್ತರದ ಸಾಲುಗಳನ್ನು ಒಂದೊಂದಾಗಿ ಓದಿ, ಕೊನೆಗೆ ತೆರೆದುದೆಲ್ಲವನ್ನೂ ಹಿಂದುಮುಂದಾಗಿ ಮುಚ್ಚಬೇಕು. ಇವುಗಳಲ್ಲಿ ವಿಸ್ತೀರ್ಣದ ಕೂಡಿಕೆಯೊಂದೇ ಅವನ ಸ್ವಂತ ಕೆಲಸ; ಉಳಿದುದು ಎಲ್ಲೆಡೆಯೂ ಒಂದೇ. ನಡುವೆ ದೋಷ ತೋರಿದರೂ ಮುಚ್ಚುವಿಕೆ ತಪ್ಪಬಾರದು. ಸಂಪರ್ಕಗಳು ಮಿತಸಂಖ್ಯೆಯವಾದುದರಿಂದ, ಕೆಲವು ಬಾರಿ ಮುಚ್ಚಲು ಮರೆತರೆ ಸಾಕು, ಮುಂದೆ ಬಂದವನು ಕಿಟಕಿಯ ಬಳಿ ಕಾದು ನಿಲ್ಲಬೇಕಾಗುತ್ತದೆ. ಈ ತಪ್ಪು ಬರೆದ ದಿನ ಕಾಣಿಸಿಕೊಳ್ಳುವುದಿಲ್ಲವೆಂಬುದೇ ಇದರ ಕೇಡು.

ಮರುಕರೆಯ ಕ್ರಮದಲ್ಲಿ ತೆರೆಯುವುದು, ಸಾಲಿನಿಂದ ಸಾಲಿಗೆ ಸಾಗುವುದು, ಮುಚ್ಚುವುದು ಇವೆಲ್ಲ ಚೌಕಟ್ಟಿನ ಹೊಣೆ. ಲೇಖಕನು ‘ಒಂದು ಸಾಲನ್ನು ಕೊಟ್ಟರೆ ಹೀಗೆ ಮಾಡುವೆನು’ ಎಂಬ ಕರಾರನ್ನು, ಅಂದರೆ ಇಂಟರ್‌ಫೇಸನ್ನು, ಪಾಲಿಸುವ ವಸ್ತುವೊಂದನ್ನು ಒಪ್ಪಿಸುತ್ತಾನೆ. ಚೌಕಟ್ಟು ಪ್ರತಿ ಸಾಲಿಗೂ ಅದನ್ನು ಕರೆಯುತ್ತದೆ. ನಮ್ಮ ತಾಳಮದ್ದಳೆಯ ರೀತಿಯೂ ಇದೇ. ಭಾಗವತನು ಪದ್ಯವನ್ನು ಹಾಡಿ ಅರ್ಥಧಾರಿಗೆ ಮಾತಿನ ಅವಕಾಶವನ್ನೀಯುತ್ತಾನೆ. ಮಾತು ಮುಗಿದೊಡನೆ ಮುಂದಿನ ಪದ್ಯಕ್ಕೆ ತೊಡಗುತ್ತಾನೆ. ಅರ್ಥಧಾರಿಯು ತಾನೇ ಪದ್ಯವನ್ನು ಎತ್ತಬಾರದು. ಹಾಗೆಯೇ ಕರೆಯಲ್ಪಟ್ಟ ವಸ್ತುವು ತಾನೇ ಮುಂದಿನ ಸಾಲಿಗೆ ಸರಿಯಬಾರದು.

ಗುಣವು ಸ್ಪಷ್ಟವಾಗಿದೆ: ಮರೆಯಬಹುದಾದ ಕೈಯಿಂದ ಮುಚ್ಚುವ ಹೊಣೆಯು ತಪ್ಪಿತು. ಆದರೆ ದೋಷಗಳನ್ನೂ ಎಣಿಸತಕ್ಕದ್ದು. ಮೊದಲನೆಯದಾಗಿ, ಓದುವ ಕ್ರಮವು ತಲೆಕೆಳಗಾಗುತ್ತದೆ. ಬರೆದುದು ಯಾವಾಗ ಎಷ್ಟು ಬಾರಿ ನಡೆಯುವುದೆಂಬುದು ಪುಟದಲ್ಲಿ ಕಾಣುವುದಿಲ್ಲ. ಎರಡನೆಯದಾಗಿ, ಕೂಡಿದ ಮೊತ್ತವನ್ನು ಸಾಲುಗಳ ನಡುವೆ ಆ ವಸ್ತುವೇ ಹೊತ್ತಿರಬೇಕಾಗುತ್ತದೆ. ಅದನ್ನೇ ಎರಡನೆಯ ಪ್ರಶ್ನೆಗೂ ಬಳಸಿದರೆ ಪಾಳಾದ ಲೆಕ್ಕದ ಮೇಲೆ ನೆರೆಯೂರಿನ ಲೆಕ್ಕವು ಬೀಳುವುದು. ಮೂರನೆಯದಾಗಿ, ಮರುಕರೆಯ ಒಳಗಿನಿಂದ ಮತ್ತೊಂದು ಸಂಪರ್ಕವನ್ನು ಬೇಡಿದರೆ, ಮೊದಲನೆಯದು ಇನ್ನೂ ಕೈಯಲ್ಲಿರುತ್ತದೆ. ಹಲವರು ಒಮ್ಮೆಗೇ ಹೀಗೆ ಮಾಡಿದರೆ, ಒಬ್ಬರು ಬಿಡಲಿ ಎಂದು ಮತ್ತೊಬ್ಬರು ಕಾಯುತ್ತ ಎಲ್ಲರೂ ನಿಂತುಬಿಡಬಹುದು. ಕರಾರು ಇದನ್ನು ತಡೆಯುವುದಿಲ್ಲ.

2011ರ ಜಾವಾ 7ರಲ್ಲಿ, ತೆರೆದುದನ್ನು ತಾನೇ ಮುಚ್ಚುವ ವಾಕ್ಯರಚನೆಯು ಭಾಷೆಯಲ್ಲೇ ಬಂದಿತಲ್ಲ, ಇನ್ನು ಮರುಕರೆಯೇಕೆ ಎಂದು ಕೇಳಬಹುದು. ಈ ಆಕ್ಷೇಪವು ಬಲವುಳ್ಳದ್ದು. ಮುಚ್ಚುವುದೊಂದೇ ಗುಣವಾಗಿದ್ದರೆ ಅದಕ್ಕೆ ಉತ್ತರವಿರುತ್ತಿರಲಿಲ್ಲ. ಆದರೆ ಆ ವಾಕ್ಯರಚನೆಯನ್ನು ಬರೆಯಲು ಪ್ರತಿಯೊಬ್ಬನೂ ನೆನೆಯಬೇಕು. ಚೌಕಟ್ಟಾದರೋ ನೆನಪನ್ನೇ ಅಪೇಕ್ಷಿಸುವುದಿಲ್ಲ. ಮೇಲಾಗಿ, ಬೇರೆಬೇರೆ ಕೋಶಗಳ ದೋಷಸೂಚನೆಗಳನ್ನು ಒಂದೇ ಪರಿಭಾಷೆಗೆ ತರುತ್ತದೆ. 2014ರ ಜಾವಾ 8ರ ಲ್ಯಾಂಬ್ಡಾಗಳಿಂದ ಮರುಕರೆಯ ಬರವಣಿಗೆಯೂ ಒಂದೆರಡು ಪಂಕ್ತಿಗಿಳಿದು, ಮೊದಲನೆಯ ದೋಷವು ಸ್ವಲ್ಪ ತಗ್ಗಿತು.

ಆದುದರಿಂದ ನಮ್ಮ ನಿರ್ಣಯವಿದು: ಒಂದು ಸಾಲನ್ನು ಒಂದು ವಸ್ತುವಾಗಿ ಮಾರ್ಪಡಿಸುವಂತಹ ಕಿರಿದಾದ, ಹಿಂದಿನ ನೆನಪನ್ನು ಬೇಡದ ಕೆಲಸಕ್ಕೆ ಮರುಕರೆಯು ಉತ್ತಮ ಕ್ರಮ. ಒಂದು ಸಾಲನ್ನು ಕಂಡು ಮುಂದಿನದನ್ನು ಓದಬೇಕೋ ಬೇಡವೋ ಎಂದು ನಿಶ್ಚಯಿಸುವ ಕೆಲಸಕ್ಕೆ ಬಿಚ್ಚು ಬರವಣಿಗೆಯೇ ಲೇಸು. ಹೊಣೆಯನ್ನು ಚೌಕಟ್ಟಿಗೆ ಒಪ್ಪಿಸಿದವನು, ಒಪ್ಪಿಸದೆ ಉಳಿದ ಹೊಣೆ ಯಾವುದೆಂಬುದನ್ನು ಅರಿತಿರಬೇಕು. ಉತಾರದ ಲೆಕ್ಕ ತಪ್ಪಿದರೆ ಅದನ್ನು ಅನುಭವಿಸುವವನು ಕ್ರಮವಿಧಿಯ ಲೇಖಕನಲ್ಲ, ಹೊಲದ ಒಡೆಯನು.