ಇಲ್ಲದ ಗೆರೆ

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಲೈಬ್ರರಿಯಿಂದ ತಡವಾಗಿ ಮನೆಗೆ ಬಂದೆ. ಅತ್ತೆ ಗದರಲಿಲ್ಲ. ದೇವರ ದೀಪಕ್ಕೆ ಎಣ್ಣೆ ಹಾಕುತ್ತಾ, "ಸೀತಮ್ಮ ಗೆರೆ ದಾಟಿದ್ದಕ್ಕೇ ಅಲ್ಲವೇನಮ್ಮಾ ಅಷ್ಟೆಲ್ಲ ಆದದ್ದು?" ಎಂದರು, ಅಷ್ಟೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ರಾಮಾಯಣಕ್ಕೆ ಏನೆಂದು ಉತ್ತರ ಕೊಡಲಿ?

ಎಲ್ಲರಿಗೂ ಗೊತ್ತಿರುವ ಕಥೆಯನ್ನು ಹೇಳದೆ, ಅದರ ಒಂದು ಎಳೆಯನ್ನು ಮಾತ್ರ ಮುಟ್ಟಿ ಮುಂದೆ ಹೋಗುವ ಈ ಜಾಣತನವನ್ನು ಇಂಗ್ಲಿಷ್ ವಿಮರ್ಶಕರು 'ಅಲ್ಯೂಷನ್' ಎನ್ನುತ್ತಾರೆ. ಅದರ ಮೂಲವಾದ ಲ್ಯಾಟಿನ್ ಪದದಲ್ಲಿ 'ಆಟ' ಎಂಬ ಅರ್ಥ ಅಡಗಿದೆ. ನಮ್ಮಲ್ಲಿ 9ನೇ ಶತಮಾನದ ಕಾಶ್ಮೀರದ ಆನಂದವರ್ಧನ, ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥವನ್ನು ಧ್ವನಿಯೆಂದು ಕರೆದ; ಅದೇ ಕಾವ್ಯದ ಆತ್ಮವೆಂದ. ಧ್ವನಿಯ ಹರವು ದೊಡ್ಡದು, ಈ ಪುರಾಣದ ಸೂಚನೆ ಅದರೊಳಗಿನ ಒಂದು ಕಿರುದಾರಿ. ಅತ್ತೆ ಇದ್ಯಾವುದನ್ನೂ ಓದಿದವರಲ್ಲ. ಪ್ರಯೋಗದಲ್ಲಿ ಮಾತ್ರ ನಿಸ್ಸೀಮರು.

ನಮ್ಮ ಮನೆಗಳಲ್ಲಿ ನಿದ್ದೆಬಡುಕ ಕುಂಭಕರ್ಣ, ಜಗಳ ಹಚ್ಚುವವನು ನಾರದ. ಜಿರಲೆ ಕೊಲ್ಲುವ ಸೀಮೆಸುಣ್ಣಕ್ಕೂ ಲಕ್ಷ್ಮಣರೇಖೆಯದೇ ಹೆಸರು. 2020ರ ಮಾರ್ಚ್ 24ರಂದು ಪ್ರಧಾನಿ ಮನೆಬಾಗಿಲಿನ ಲಕ್ಷ್ಮಣರೇಖೆಯ ಮಾತಾಡಿದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಆದರೆ ವಾಲ್ಮೀಕಿಯ ಅರಣ್ಯಕಾಂಡವನ್ನು ಓದಿದಾಗ ನಾನು ಬೆಚ್ಚಿದೆ. ಅಲ್ಲಿ ಗೆರೆಯೇ ಇಲ್ಲ! ಸೀತೆ ಲಕ್ಷ್ಮಣನಿಗೆ ಆಡಬಾರದ ಮಾತನ್ನು ಆಡಿದ್ದು ನಿಜ. ಅವನು ನೊಂದು, ಅವಳನ್ನು ವನದೇವತೆಗಳು ಕಾಯಲೆಂದು ಹೇಳಿ ಹೊರಟುಹೋಗುತ್ತಾನೆ. ಸನ್ಯಾಸಿಯ ವೇಷದಲ್ಲಿ ಬಂದ ರಾವಣನಿಗೆ ಅವಳು ಅತಿಥಿಸತ್ಕಾರ ಮಾಡುತ್ತಾಳೆ. ಅವನು ಎತ್ತಿಕೊಂಡು ಹೋಗುತ್ತಾನೆ. ಅವಳು ದಾಟಿದ್ದು ಏನನ್ನೂ ಅಲ್ಲ. ಗೆರೆ ಬಂದದ್ದು ನಂತರದ ರಾಮಾಯಣಗಳಲ್ಲಿ.

ಶಕುಂತಲೆಯ ಕಥೆಯಲ್ಲಿ ಇದರ ಇನ್ನೊಂದು ಮುಖವಿದೆ. ಮಹಾಭಾರತದ ದುಷ್ಯಂತ ಏನನ್ನೂ ಮರೆತಿರಲಿಲ್ಲ. ನೆನಪಿದ್ದೂ ತುಂಬಿದ ಸಭೆಯಲ್ಲಿ ಅವಳನ್ನು ಅಲ್ಲಗಳೆದ. ಉಂಗುರ, ದೂರ್ವಾಸರ ಶಾಪ ಎರಡೂ ಕಾಳಿದಾಸನ ನಾಟಕದಲ್ಲಿ ಬಂದವು. ಅಲ್ಲಿ ಹೊಸದಾಗಿ ಸೇರಿದ ಶಾಪ ಗಂಡಿನ ತಪ್ಪನ್ನು ಅಳಿಸಿತು. ಇಲ್ಲಿ ಹೊಸದಾಗಿ ಸೇರಿದ ಗೆರೆ ಹೆಣ್ಣಿಗೊಂದು ತಪ್ಪನ್ನು ಅಂಟಿಸಿತು.

ಸೂಚನೆಯ ಶಕ್ತಿಯೂ ಅಪಾಯವೂ ಒಂದೇ ಕಡೆ ಇವೆ. ಅದು ಕಥೆಯನ್ನು ಹೇಳುವುದಿಲ್ಲ. ಅದರ ತೀರ್ಪನ್ನು ಮಾತ್ರ ಕೈಗಿಡುತ್ತದೆ. ಕಥೆಯನ್ನೇ ಹೇಳದಿದ್ದಾಗ ಪ್ರಶ್ನೆ ಕೇಳುವುದು ಯಾರನ್ನು? ವೈದೇಹಿಯವರು 'ಶಕುಂತಲೆಯೊಂದಿಗೆ ಕಳೆದ ಅಪರಾಹ್ನ' ಎಂಬ ಕಥೆ ಬರೆದದ್ದು ಇದಕ್ಕೇ ಇರಬೇಕು. ಸೂಚನೆಯಾಗಿ ಸವೆದುಹೋದ ಹೆಣ್ಣಿನ ಪಕ್ಕ ಕೂತು, ಅವಳ ಮಾತನ್ನು ಅವಳಿಂದಲೇ ಕೇಳುವುದು.

ಅತ್ತೆಗೆ ಕಣ್ಣು ಮಂಜಾದ ಮೇಲೆ ದಿನವೂ ನಾನೇ ರಾಮಾಯಣ ಓದಿ ಹೇಳುತ್ತಿದ್ದೆ. ಆ ಭಾಗ ಮುಗಿದ ದಿನ, "ಗೆರೆ ಎಲ್ಲೇ?" ಎಂದು ಕೇಳಿದರು. ಇಲ್ಲ ಎಂದೆ. ಇನ್ನೊಮ್ಮೆ ಓದಿಸಿದರು. ಬಹಳ ಹೊತ್ತು ಸುಮ್ಮನಿದ್ದು, "ನಮ್ಮತ್ತೆ ನನಗೂ ಅದನ್ನೇ ಹೇಳಿದ್ದರಲ್ಲೇ" ಎಂದರು.