ಹಿಮದ ಮೇಲೊಬ್ಬ ದುಭಾಷಿ

ಹೋದ ವರ್ಷ ಒಂದು ಫ್ರೀ ಪೀರಿಯಡ್‌ನಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಆರ್ಕ್ಟಿಕ್ ದ್ವೀಪಗಳ ಬಗ್ಗೆ ಒಂದು ಡಾಕ್ಯುಮೆಂಟರಿಯ ಹತ್ತು ನಿಮಿಷ ತೋರಿಸಿದೆ. ನೀವೂ ಇಂಥದ್ದನ್ನು ನೋಡಿರ್ತೀರಿ. ಮೇಲಿಂದ ಡ್ರೋನ್ ಹಾರುತ್ತೆ, ಕೆಳಗೆ ಕಣ್ಣು ಕುಕ್ಕುವಷ್ಟು ಬಿಳಿ, ನಡುವೆ ಒಂದು ಹಿಮಕರಡಿ ತನ್ನ ಮರಿಗಳ ಜೊತೆ ನಡೆದು ಹೋಗ್ತಿರುತ್ತೆ. ಹಿಂದೆ ಪಿಟೀಲು, ಅದರ ಮೇಲೊಂದು ಗಂಭೀರವಾದ ಇಂಗ್ಲಿಷ್ ದನಿ. ಮುಗಿದ ಮೇಲೆ ಮಕ್ಕಳಿಗೆ ಚೀಟಿ ಕೊಟ್ಟು, ಅಲ್ಲಿ ಯಾರ್ಯಾರು ಇರ್ತಾರೆ ಬರೀರಿ ಅಂದೆ. ಕರಡಿ, ಸೀಲ್, ತಿಮಿಂಗಿಲ ಅಂತ ಬರೆದರು. ಸುಮಾರು ಜನ ಪೆಂಗ್ವಿನ್ ಅಂತಲೂ ಬರೆದರು; ಪಾಪ, ಪೆಂಗ್ವಿನ್ ಇರೋದು ಭೂಮಿಯ ಇನ್ನೊಂದು ತುದಿಯಲ್ಲಿ. ಇಬ್ಬರು ಸೈಂಟಿಸ್ಟ್ ಅಂತ ಬರೆದರು. ಅಲ್ಲಿ ಹುಟ್ಟಿ ಅಲ್ಲೇ ಬದುಕೋ ಜನ ಇದ್ದಾರೆ ಅಂತ ಒಬ್ಬರೂ ಬರೆಯಲಿಲ್ಲ. ಎಲ್‌ಕೆಜಿಯಲ್ಲಿ 'ಐ ಫಾರ್ ಇಗ್ಲೂ' ಅಂತ ಬಾಯಿಪಾಠ ಮಾಡಿದ ಮಕ್ಕಳೇ ಇವರು. ಮನೆಯ ಹೆಸರು ಗೊತ್ತಿತ್ತು, ಮನೆಯವರ ನೆನಪು ಬರಲಿಲ್ಲ.

ತಪ್ಪು ಮಕ್ಕಳದ್ದಲ್ಲ, ನಾನು ತೋರಿಸಿದ ಚಿತ್ರದಲ್ಲೇ ಜನ ಇರಲಿಲ್ಲ. ಕೆನಡಾದ ಉತ್ತರಕ್ಕಿರುವ ಬಾಫಿನ್ ದ್ವೀಪ ಒಂದೇ ನಮ್ಮ ಕರ್ನಾಟಕದ ಎರಡೂವರೆ ಪಟ್ಟಿಗಿಂತ ದೊಡ್ಡದು. ಅದೂ ಸೇರಿ ಬಹುಪಾಲು ದ್ವೀಪಗಳೇ ಇರುವ ನುನಾವುತ್ ಪ್ರಾಂತ್ಯದಲ್ಲಿ 2021ರಲ್ಲಿ ಸುಮಾರು 37 ಸಾವಿರ ಜನ ಇದ್ದರು. ಹೆಚ್ಚಿನವರು ಇನುಯಿಟ್ ಜನ. ಅಷ್ಟು ನೆಲಕ್ಕೆ ಇದು ಕಡಿಮೆಯೇ, ಒಪ್ಪೋಣ. ಆದರೆ ಕಡಿಮೆ ಬೇರೆ, ಯಾರೂ ಇಲ್ಲ ಅನ್ನೋದು ಬೇರೆ. ಅದಕ್ಕೇ ಇಂಥ ಚಿತ್ರ ನೋಡುವಾಗ ಈಗ ನಾನು ಎರಡು ವಿಷಯ ಗಮನಿಸ್ತೀನಿ: ಇಲ್ಲಿ ಯಾರ ಮಾತು ಕೇಳಿಸ್ತಿದೆ? ಆ ಮಾತನ್ನು ನನಗೆ ತರ್ಜುಮೆ ಮಾಡ್ತಿರೋರು ಯಾರು? ಈ ಪ್ರಶ್ನೆ ನನಗೆ ಕಲಿಸಿದ್ದು ಒಂದು ಸಿನಿಮಾ. ಅದಕ್ಕೆ ಬರೋ ಮೊದಲು ನೂರು ವರ್ಷ ಹಿಂದಿನ ಇನ್ನೊಂದು ಚಿತ್ರದ ಕಥೆ ಹೇಳಬೇಕು.

ಡಾಕ್ಯುಮೆಂಟರಿ ಅನ್ನೋ ಪ್ರಕಾರದ ಮಾತು ಬಂದಾಗೆಲ್ಲ ಮೊದಲು ಬರೋ ಹೆಸರು ರಾಬರ್ಟ್ ಫ್ಲಾಹರ್ಟಿಯ 'ನಾನೂಕ್ ಆಫ್ ದ ನಾರ್ತ್', 1922ರದ್ದು. ಅದನ್ನು ಚಿತ್ರೀಕರಿಸಿದ್ದು ದ್ವೀಪದಲ್ಲಲ್ಲ, ಹಡ್ಸನ್ ಕೊಲ್ಲಿಯ ಪೂರ್ವ ದಡದ ಇನುಕ್ಜುವಾಕ್ ಎಂಬಲ್ಲಿ. ಮೂಕಿ ಚಿತ್ರ. ಬೇಟೆಗಾರ ನಾನೂಕ್, ಅವನ ಹೆಂಡತಿ, ಮಕ್ಕಳು, ನಾಯಿಗಳು. ಇವತ್ತು ನೋಡಿದರೂ ಆ ಮುಖಗಳ ಬೆಳಕು ಮನಸ್ಸಿಗೆ ಹಿಡಿಸುತ್ತೆ. ಅದನ್ನು ಸುಳ್ಳು ಅನ್ನಲಾರೆ. ಆದರೆ ನಾನೂಕ್ ಅನ್ನೋದು ಅವನ ಹೆಸರೇ ಅಲ್ಲ. ಅವನ ನಿಜವಾದ ಹೆಸರು ಅಲ್ಲಾಕರಿಯಾಲ್ಲಾಕ್. ಚಿತ್ರದಲ್ಲಿ ಹೆಂಡತಿಯಾದವಳು ಅವನ ಹೆಂಡತಿಯಲ್ಲ. ಆ ಕಾಲಕ್ಕಾಗಲೇ ಅಲ್ಲಿನ ಜನ ಬಂದೂಕಿನಿಂದ ಬೇಟೆಯಾಡ್ತಿದ್ದರು, ಚಿತ್ರಕ್ಕಾಗಿ ಹಳೇ ಈಟಿ ಹಿಡಿದರು. ಕ್ಯಾಮೆರಾಕ್ಕೆ ಬೆಳಕು ಸಾಲಲಿಲ್ಲ ಅಂತ ಅರ್ಧ ಇಗ್ಲೂ ಕಟ್ಟಿ ಅದರಲ್ಲೇ ಮಲಗಿ ಎದ್ದಂತೆ ನಟಿಸಿದರು. ವ್ಯಾಪಾರಿ ಗ್ರಾಮಫೋನ್ ತೋರಿಸುವಾಗ ನಾನೂಕ್ ತಟ್ಟೆಯನ್ನು ಹಲ್ಲಲ್ಲಿ ಕಚ್ಚಿ ನೋಡ್ತಾನೆ, ಪ್ರೇಕ್ಷಕ ನಗ್ತಾನೆ. ಅದೂ ನಟನೆಯೇ. ಅಂದರೆ ಆ ಜನ ಚಿತ್ರ ತಯಾರಿಯಲ್ಲಿ ಪೂರ್ತಿ ಪಾಲುದಾರರು, ಚೆನ್ನಾಗಿ ನಟಿಸಬಲ್ಲವರು. ಪರದೆಯ ಮೇಲೆ ಮಾತ್ರ ಏನೂ ಅರಿಯದ ಮುಗ್ಧರು. ಚಿತ್ರ ಮೂಕಿಯಾದ್ದರಿಂದ ಅವರು ಏನಂದರು ಅಂತ ನಮಗೆ ತಿಳಿಯೋದೂ ಇಲ್ಲ. ಅವರ ಪರವಾಗಿ ಪರದೆ ಮೇಲೆ ಬರೆದ ಇಂಗ್ಲಿಷ್ ಸಾಲುಗಳೇ ಮಾತಾಡ್ತವೆ.

ದ್ವೀಪದ ಕಥೆ ಶುರುವಾಗೋದು ಆಮೇಲೆ. ಅಲ್ಲಿನ ಒಬ್ಬ ಇನುಯಿಟ್ ಮಹಿಳೆಯಲ್ಲಿ ಫ್ಲಾಹರ್ಟಿಗೆ ಜೋಸೆಫಿ ಎಂಬ ಮಗ ಹುಟ್ಟಿದ. ಫ್ಲಾಹರ್ಟಿ ಮತ್ತೆ ಆ ಕಡೆ ಹೋಗಲಿಲ್ಲ. 1953ರಲ್ಲಿ ಕೆನಡಾ ಸರ್ಕಾರ ಇನುಕ್ಜುವಾಕ್‌ನ ಕೆಲವು ಕುಟುಂಬಗಳನ್ನು ಹಡಗಿನಲ್ಲಿ ಹತ್ತಿರ ಹತ್ತಿರ 2,000 ಕಿಲೋಮೀಟರ್ ಉತ್ತರಕ್ಕೆ, ಎಲ್ಸ್‌ಮಿಯರ್ ಮತ್ತು ಕಾರ್ನ್‌ವಾಲಿಸ್ ದ್ವೀಪಗಳಿಗೆ ಸಾಗಿಸಿತು. ಅಲ್ಲಿ ಬೇಟೆ ಚೆನ್ನಾಗಿ ಸಿಗುತ್ತೆ, ಬೇಡವಾದರೆ ಎರಡು ವರ್ಷಕ್ಕೆ ವಾಪಸ್ ಬರಬಹುದು ಅಂತ ಮಾತು ಕೊಟ್ಟಿದ್ದರು ಅನ್ನೋದು ಆ ಕುಟುಂಬಗಳ ಹೇಳಿಕೆ. ವಾಪಸ್ ಕರೆತರಲಿಲ್ಲ. ಚಳಿಗಾಲದಲ್ಲಿ ಮೂರು ತಿಂಗಳಿಗೂ ಹೆಚ್ಚು ಸೂರ್ಯ ಹುಟ್ಟದ ಜಾಗ ಅದು. 1955ರಲ್ಲಿ ಜೋಸೆಫಿಯ ಕುಟುಂಬವೂ ಅಲ್ಲಿಗೆ ಹೋಯಿತು. ಅವನ ಮಗಳು ಮಾರ್ಥಾ ಆಗ ಚಿಕ್ಕ ಹುಡುಗಿ. ಮಾರ್ಕೀಸ್ ಲೆಪಾಜ್ ಮಾಡಿದ 'ಮಾರ್ಥಾ ಆಫ್ ದ ನಾರ್ತ್' ಡಾಕ್ಯುಮೆಂಟರಿಯಲ್ಲಿ ಈ ಕಥೆ ಇದೆ. ತಾತನ ಸಿನಿಮಾದ ಹೆಸರನ್ನೇ ಮೊಮ್ಮಗಳ ಸಿನಿಮಾಕ್ಕೆ ತಿರುಗಿಸಿ ಇಟ್ಟಿದ್ದಾರೆ. ತಾತ ಕಷ್ಟ ಸಹಿಸೋ ಜನರನ್ನು ತೋರಿಸಿ ಜಗತ್ತನ್ನು ಬೆರಗುಗೊಳಿಸಿದ. ಆ ಕಷ್ಟವನ್ನು ಯಾರು ತಂದು ಹಾಕಿದರು ಅಂತ ಮೊಮ್ಮಗಳು ಹೇಳ್ತಾಳೆ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಇನ್ನು ಇಗ್ಲೂಲಿಕ್‌ಗೆ ಬರೋಣ. ಬಾಫಿನ್ ಪಕ್ಕದ ಸಣ್ಣ ದ್ವೀಪ, ಅದರಲ್ಲಿ ಒಂದು ಊರು. 1970ರ ದಶಕದಲ್ಲಿ ಆ ಊರಿಗೆ ಟಿವಿ ಬರಬೇಕಾ ಅಂತ ಜನಮತ ಕೇಳಿದಾಗ ಎರಡು ಸಲ ಬೇಡ ಅಂದರು. ಕಾರಣ ಸರಳ: ಟಿವಿಯಲ್ಲಿ ತಮ್ಮ ಭಾಷೆ ಇನುಕ್ತಿತುತ್ ಇರಲಿಲ್ಲ. ಮನೆಯಲ್ಲಿ ದಖನಿ, ಬೀದಿಯಲ್ಲಿ ಮರಾಠಿ, ಮೊಬೈಲ್‌ನಲ್ಲಿ ಹಿಂದಿ ಅಂತ ಬೆಳೀತಿರೋ ಮಕ್ಕಳಿಗೆ ಕನ್ನಡ ಉಳಿಸೋದು ಹೇಗೆ ಅಂತ ಒದ್ದಾಡೋ ನಮಗೆ ಇದು ಹೊಟ್ಟೆಕಿಚ್ಚು ಹುಟ್ಟಿಸೋ ಧೈರ್ಯ.

ಆ ಊರಿನವನೇ ಝಕರಿಯಾಸ್ ಕುನುಕ್. ಹುಟ್ಟಿದ್ದು 1957ರಲ್ಲಿ, ಕಪುಯಿವಿಕ್ ಎಂಬ ಬೇಟೆಯ ಬಿಡಾರದಲ್ಲಿ. ಒಂಬತ್ತು ವರ್ಷದವನಿದ್ದಾಗ ಶಾಲೆಗೆಂದು ಇಗ್ಲೂಲಿಕ್‌ಗೆ ಬಂದ. ಕಲ್ಲಿನ ಬೊಂಬೆ ಕೆತ್ತಿ ಮಾರಿ, ಆ ದುಡ್ಡಲ್ಲಿ ಟಿಕೆಟ್ ತಗೊಂಡು ಜಾನ್ ವೇನ್ ಸಿನಿಮಾ ನೋಡ್ತಿದ್ದ. ಅದೇ ಕೆತ್ತನೆ ಮಾರಿ 1981ರಲ್ಲಿ ವಿಡಿಯೋ ಕ್ಯಾಮೆರಾ ಕೊಂಡು ತಂದ. 1990ರಲ್ಲಿ ಗೆಳೆಯರ ಜೊತೆ 'ಇಸುಮಾ' ಎಂಬ ಕಂಪನಿ ಕಟ್ಟಿದ. ಇಸುಮಾ ಅಂದರೆ ಯೋಚನೆ. 2001ರಲ್ಲಿ ಬಂದ ಅವರ 'ಅತನಾರ್ಜುವಾತ್' ಪೂರ್ತಿ ಇನುಕ್ತಿತುತ್‌ನಲ್ಲೇ ಬರೆದು, ನಟಿಸಿ ಮಾಡಿದ ಮೊದಲ ಕಥಾಚಿತ್ರ. ಕಾನ್ ಉತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಅಣ್ಣನನ್ನು ಕೊಂದವರಿಂದ ತಪ್ಪಿಸಿಕೊಂಡು ನಾಯಕ ಬರಿಮೈಯಲ್ಲಿ, ಬರಿಗಾಲಲ್ಲಿ, ಒಡೆದ ಮಂಜಿನ ಮೇಲೆ ಓಡುವ ದೃಶ್ಯ ನೋಡಿದರೆ ಮರೆಯೋದಿಲ್ಲ. ಅಂಗಾಲಿನಿಂದ ರಕ್ತ ಸೋರುತ್ತೆ. ಇಲ್ಲಿ ಹಿಮ ಹಿನ್ನೆಲೆಯ ಚಿತ್ರಪಟ ಆಗಿಲ್ಲ. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಅಂತ ಗೊತ್ತಿರೋರ ಅಂಗಳ ಅದು. ಕೊನೆಗೆ ಹೆಸರುಗಳು ಬರುವಾಗ ಚಿತ್ರೀಕರಣದ ತುಣುಕುಗಳನ್ನೂ ತೋರಿಸ್ತಾರೆ: ಈಗಿನ ಕಾಲದ ಬಟ್ಟೆ ತೊಟ್ಟ ಕಲಾವಿದರು, ಸ್ಲೆಡ್ ಮೇಲೆ ಕ್ಯಾಮೆರಾ. ಫ್ಲಾಹರ್ಟಿ ಮುಚ್ಚಿಟ್ಟಿದ್ದನ್ನು ಇವರು ನಗ್ತಾ ತೆರೆದು ಇಡ್ತಾರೆ.

ನಾನು ಹೇಳಬೇಕಿದ್ದ ಸಿನಿಮಾ ಇದಲ್ಲ. ಕುನುಕ್‌ನದೇ ಇನ್ನೊಂದು, 2019ರದ್ದು, 'ನೋವಾ ಪಿಯುಗಾತುಕ್‌ನ ಬದುಕಿನ ಒಂದು ದಿನ'. ಕಾಲ 1961, ಜಾಗ ಕುನುಕ್ ಹುಟ್ಟಿದ ಅದೇ ಕಪುಯಿವಿಕ್. ನೋವಾ ಎಂಬ ಹಿರಿಯ ಬೇಟೆಗಾರ ತನ್ನವರ ಜೊತೆ ನಾಯಿಗಾಡಿ ಕಟ್ಟಿಕೊಂಡು ಹೊರಟಿದ್ದಾನೆ. ಎದುರಿಗೆ ಇನ್ನೊಂದು ಗಾಡಿ ಬರುತ್ತೆ. ಅದರಲ್ಲಿ ಒಬ್ಬ ಬಿಳಿಯ ಸರ್ಕಾರಿ ಮನುಷ್ಯ, ಎಲ್ಲರೂ ಕರೆಯೋದು 'ಬಾಸ್' ಅಂತ. ಜೊತೆಗೆ ಎವಾಲುವಾರ್ಜುಕ್ ಎಂಬ ಇನುಯಿಟ್ ದುಭಾಷಿ. ಹಿಮದ ಮೇಲೆ ಚಹಾ ಕಾಯಿಸ್ತಾರೆ, ಕೂತು ಮಾತಾಡ್ತಾರೆ. ಬಿಡಾರ ಬಿಟ್ಟು ಊರಿಗೆ ಬಂದು ನೆಲೆಸು, ಸರ್ಕಾರ ಮನೆ ಕೊಡುತ್ತೆ, ಮಕ್ಕಳು ಶಾಲೆಗೆ ಹೋಗಬೇಕು, ಕಲಿತು ಕೆಲಸ ಹಿಡಿದು ದುಡ್ಡು ಗಳಿಸ್ತಾರೆ ಅಂತಾನೆ ಬಾಸ್. ನನ್ನ ಮಕ್ಕಳಿಗೆ ದುಡ್ಡು ಯಾಕೆ ಅಂತ ನೋವಾಗೆ ಅರ್ಥವೇ ಆಗೋದಿಲ್ಲ. ಇಷ್ಟೇ ಸಿನಿಮಾ. ಕೊಲೆ ಇಲ್ಲ, ಬಿರುಗಾಳಿ ಇಲ್ಲ. ಬರೀ ಮಾತು.

ಆದರೆ ಆ ಮಾತು ಹೋಗೋ ದಾರಿ ನೋಡಿ. ಬಾಸ್ ಇಂಗ್ಲಿಷ್‌ನಲ್ಲಿ ಒರಟಾಗಿ ಒಂದು ಹೇಳ್ತಾನೆ. ದುಭಾಷಿ ಅದರ ಅಂಚು ಉಜ್ಜಿ ಮೆತ್ತಗೆ ಮಾಡಿ ಇನುಕ್ತಿತುತ್‌ನಲ್ಲಿ ಹೇಳ್ತಾನೆ. ನೋವಾ ಖಡಾಖಂಡಿತ ಇಲ್ಲ ಅಂತಾನೆ. ಅದು ಇಂಗ್ಲಿಷ್‌ಗೆ ಬರುವಷ್ಟರಲ್ಲಿ ಮತ್ತೆ ಮೆತ್ತಗಾಗಿರುತ್ತೆ. ಸಬ್‌ಟೈಟಲ್ ಇರೋದರಿಂದ ಎರಡೂ ಕಡೆಯ ಮಾತು ನಮಗೆ ಗೊತ್ತಾಗುತ್ತೆ, ಅಲ್ಲಿ ಕೂತವರಿಗೆ ಗೊತ್ತಾಗೋದಿಲ್ಲ. ಮೊದಲು ನಗು ಬರುತ್ತೆ. ಅರ್ಧ ಗಂಟೆ ಕಳೆದ ಮೇಲೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ. ದುಭಾಷಿ ಕೆಟ್ಟವನಲ್ಲ. ಜಗಳ ಆಗಬಾರದು ಅಂತಾನೇ ಹಾಗೆ ಮಾಡೋದು. ಅವನಿಗೆ ಇಬ್ಬರೂ ಬೇಕು, ಇಬ್ಬರ ಎದುರೂ ಮಾನ ಉಳೀಬೇಕು.

ಆ ಮನುಷ್ಯನನ್ನು ನಾನು ಬಲ್ಲೆ. ನಮ್ಮ ಶಾಲೆಗೆ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬರ್ತಾರೆ. ಪಾಲಕರಿಗೆ ಹಿಂದಿ ಅಷ್ಟಕ್ಕಷ್ಟೆ. ಮುಖ್ಯೋಪಾಧ್ಯಾಯರಿಗೆ ಕನ್ನಡ ಬಾರದು. ಹಾಗಾಗಿ ನನ್ನನ್ನು ಕರೀತಾರೆ. ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ತಂದೆ ಬಂದಿದ್ದರು. ಹಾಜರಿ ಹೀಗೇ ಇದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸೋದಿಲ್ಲ, ಇವರಿಗೆ ಮಕ್ಕಳನ್ನು ಓದಿಸೋ ಮನಸ್ಸೇ ಇಲ್ಲ ಅಂದರು ಸಾಹೇಬರು. ಬಿಸಿಲಲ್ಲಿ ಕೆಲಸ ಬಿಟ್ಟು ಬಂದಿದ್ದ ಆ ಮನುಷ್ಯನ ಮುಖ ನೋಡಿ ನನಗೆ ಹಾಗೇ ಹೇಳೋಕಾಗಲಿಲ್ಲ. "ಸ್ವಲ್ಪ ದಿನಾ ಕಳಸ್ರಿ ಅಂತಾರ್ರಿ" ಅಂದೆ. ಅವರು, "ಕೆಲಸ ಎಲ್ಲಿ ಅದನೋ ಅಲ್ಲೇ ನಮ್ಮ ಊರು. ಅವಳ ಸಣ್ಣ ತಮ್ಮನ್ನ ಯಾರು ನೋಡ್ಬೇಕು, ಇವರು ನೋಡ್ತಾರೇನು ಕೇಳ್ರಿ" ಅಂದರು. ನಾನು ಸಾಹೇಬರಿಗೆ, ಕೋಶಿಶ್ ಮಾಡ್ತಾರಂತೆ ಸರ್ ಅಂದೆ. ಎಲ್ಲರೂ ಸಮಾಧಾನದಲ್ಲಿ ಎದ್ದರು. ಮಾರ್ಚ್‌ನಲ್ಲಿ ಹುಡುಗಿಯನ್ನು ಪರೀಕ್ಷೆಗೆ ಕೂರಿಸಲಿಲ್ಲ. ತಂದೆ ಮತ್ತೆ ಬಂದರು. ಜಗಳ ಆಡಲಿಲ್ಲ. "ಅಕ್ಕೋರ, ಅವತ್ತು ನೀವು ಹಿಂಗ ಹೇಳಿರಲಿಲ್ಲಲ್ಲರಿ" ಅಂದರು, ಅಷ್ಟೆ. ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ಈ ಸಿನಿಮಾ ನೋಡುವವರೆಗೆ ಅದನ್ನು ನನ್ನ ಒಳ್ಳೇತನ ಅಂತಲೇ ಅಂದುಕೊಂಡಿದ್ದೆ. ನಾನು ಮೆತ್ತಗೆ ಮಾಡಿದ ಮಾತಿನಲ್ಲಿ ಎಚ್ಚರಿಕೆಯೂ ಹೋಯಿತು, ಆ ತಂದೆಯ ನ್ಯಾಯವಾದ ಪ್ರಶ್ನೆಯೂ ಹೋಯಿತು. ತಮ್ಮನನ್ನು ಯಾರು ನೋಡಿಕೊಳ್ಳಬೇಕು ಅನ್ನೋದನ್ನು ಸಾಹೇಬರು ಕೇಳಿಸಿಕೊಂಡಿದ್ದರೆ ಏನಾದರೂ ದಾರಿ ಹುಡುಕ್ತಿದ್ದರೋ ಏನೋ. ಕೇಳಿಸಲೇ ಇಲ್ಲವಲ್ಲ.

ಇನ್ನೊಂದು ಮುಳ್ಳೂ ಇದೆ. ಬಾಸ್ ಹೇಳೋ ವಾದ ಪೂರ್ತಿ ನನ್ನ ವಾದ. ಮಕ್ಕಳು ಶಾಲೆಗೆ ಬರಬೇಕು ಅಂತ ಬಿ.ಎಡ್. ಮಾಡಿದವಳು ನಾನು. ಮನೆ ಮನೆಗೆ ಹೋಗಿ ಹಾಗೆ ಹೇಳಿದ್ದೀನಿ. ಅದೇ ಮಾತು ಹಿಮದ ಮೇಲೆ ಕೇಳುವಾಗ ಬೆದರಿಕೆಯ ಹಾಗೆ ಕೇಳಿಸುತ್ತೆ, ಯಾಕಂದರೆ ಆ ಶಾಲೆಯಲ್ಲಿ ಏನು ಕಲಿಸಬೇಕು, ಯಾವ ಭಾಷೆಯಲ್ಲಿ, ಎಲ್ಲಿ ಅಂತ ನೋವಾನನ್ನು ಯಾರೂ ಕೇಳಿಲ್ಲ. ಶಾಲೆ ತಪ್ಪು ಅಂತ ಕುನುಕ್ ಹೇಳೋದಿಲ್ಲ, ಹೇಳಿದ್ದರೆ ನಾನು ಒಪ್ತಿರಲಿಲ್ಲ. ಅವನೇ ಆ ಶಾಲೆಗೆ ಬಂದ ಹುಡುಗ. ಒಪ್ಪಿಗೆ ಕೇಳೋದಕ್ಕೂ ಒಪ್ಪಿಸೋದಕ್ಕೂ ಇರೋ ಅಂತರವನ್ನು ಎರಡು ಗಂಟೆ ಕೂರಿಸಿ ತೋರಿಸ್ತಾನೆ.

ಕೊರತೆ ಇಲ್ಲ ಅನ್ನಲಾರೆ. ಬಾಸ್ ಪಾತ್ರ ಒಂದೇ ಬಣ್ಣದ್ದು. ಅವನೂ ಮನಸ್ಸಿನಲ್ಲಿ ಅಳುಕಿದ್ದರೆ ಚಿತ್ರ ಇನ್ನೂ ಕಠಿಣವಾಗ್ತಿತ್ತು. ಮಾತುಕತೆ ಪೂರ್ತಿ ಗಂಡಸರದ್ದು. ಯಾರ ಶಾಲೆಯ ಬಗ್ಗೆ ಇಷ್ಟೆಲ್ಲ ಮಾತೋ ಆ ಮಕ್ಕಳ, ಅವರ ತಾಯಂದಿರ ಮಾತಿಗೆ ಆ ಕೂಟದಲ್ಲಿ ಜಾಗ ಇಲ್ಲ. ನಿಧಾನ ಗತಿ ಎಲ್ಲರಿಗೂ ಒಗ್ಗೋದಿಲ್ಲ. ಮೊದಲ ಅರ್ಧ ಗಂಟೆ ತಾಳ್ಮೆ ಬೇಕು.

ನೀವು ವಿದ್ಯಾರ್ಥಿಗಳಾಗಿದ್ದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಹಿಮದ ಚಿತ್ರ ನೋಡುವಾಗ ಮೊದಲ ಹದಿನೈದು ನಿಮಿಷದಲ್ಲಿ ಎಷ್ಟು ಜನ ಕಾಣಿಸಿದರು, ಅವರಲ್ಲಿ ಎಷ್ಟು ಜನ ತಮ್ಮ ಭಾಷೆಯಲ್ಲಿ ಮಾತಾಡಿದರು ಅಂತ ಎಣಿಸಿ. ಕರಡಿ ನೋಡಬೇಡಿ ಅಂತಲ್ಲ, ನನಗೂ ಕರಡಿ ಇಷ್ಟ. ಇಸುಮಾದವರು ತಮ್ಮ ಎಷ್ಟೋ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಇಂಗ್ಲಿಷ್ ಅಡಿಬರಹ ಓದಿಕೊಂಡೇ ನೋಡಬೇಕು. ಅಂದರೆ ಅಲ್ಲೂ ನಮಗೊಬ್ಬ ದುಭಾಷಿ ಇದ್ದಾನೆ, ಅದನ್ನು ಮರೆಯಬೇಡಿ.

ನನ್ನ ವಿಷಯ ಹೇಳೋದಾದರೆ, ಈಗ ಪಾಲಕರ ಸಭೆಗೆ ಕರೆದಾಗ ಒಂದು ನೋಟ್‌ಬುಕ್ ಒಯ್ತೀನಿ. ಇಬ್ಬರೂ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಹಾಗೇ ಹೇಳ್ತೀನಿ. ಎರಡು ಸಲ ಸಾಹೇಬರಿಗೆ ಸಿಟ್ಟು ಬಂದಿದೆ. ಒಂದು ಸಲ ಒಬ್ಬ ತಾಯಿ ನನ್ನ ಮೇಲೇ ರೇಗಿದರು. ಅವರ ಮಗ ಮಾತ್ರ ಇನ್ನೂ ಕ್ಲಾಸಿಗೆ ಬರ್ತಿದ್ದಾನೆ.