ಹಲ್ಲಿನ ಡಾಕ್ಟ್ರ ಇಂಜೆಕ್ಷನ್ ಮತ್ತು ಫ್ಯಾಮಿಲಿ ಗ್ರೂಪ್

ಕಾವೂರಿನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ದಿನ ಸಂಜೆಯೊಳಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಹದಿನಾಲ್ಕು ಫಾರ್ವರ್ಡ್ ಬಂದಿದ್ವು. ಹುಳದ ಮಾತ್ರೆ ಐವರ್ಮೆಕ್ಟಿನ್, ನಾಯಿಗೆ ಕೊಡೋ ಫೆನ್‌ಬೆಂಡಜೋಲ್, ದಿನಕ್ಕೊಂದು ಆಸ್ಪಿರಿನ್. ಎಲ್ಲದಕ್ಕೂ ಒಂದೇ ಧಾಟಿಯ ತಲೆಬರಹ: ಹಳೇ ಔಷಧ ಕ್ಯಾನ್ಸರ್ ಹರಡೋದನ್ನ ತಡೆಯುತ್ತೆ, ಕಂಪನಿಗಳು ಮುಚ್ಚಿಟ್ಟಿವೆ. ಒಬ್ಬ ಕಸಿನ್ ಜಂಕ್ಷನ್ನಿನ ಮೆಡಿಕಲ್‌ಗೆ ಹೋಗಿ ಆಸ್ಪಿರಿನ್ ತಂದೂ ಆಗಿತ್ತು. "ತಗೊಂಡ್ರೆ ಎಂತ ನಷ್ಟ ಮಾರಾಯ?"

ಈ ತಲೆಬರಹದಲ್ಲಿ ಪೂರ್ತಿ ಸುಳ್ಳಿಲ್ಲ, ಅದೇ ತೊಂದರೆ. ಪೇಟೆಂಟ್ ಮುಗಿದ ಔಷಧದ ಮೇಲೆ ಕೋಟಿಗಟ್ಟಲೆ ಸುರಿದು ಟ್ರಯಲ್ ಮಾಡೋಕೆ ಕಂಪನಿಗೆ ಲಾಭ ಇಲ್ಲ, ಅದು ನಿಜ. ಆದ್ರೆ "ಯಾರೂ ಪರೀಕ್ಷೆ ಮಾಡಿಲ್ಲ" ಅನ್ನೋದು "ಕೆಲಸ ಮಾಡುತ್ತೆ" ಅಂತ ಆಗಲ್ಲ. ಐವರ್ಮೆಕ್ಟಿನ್ ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಂದಿದೆ ಅಂತಾರೆ. ತಟ್ಟೆಯಲ್ಲಿ ಕೋಶ ಕೊಲ್ಲೋ ವಸ್ತುಗಳಿಗೆ ಬರವಿಲ್ಲ. ಮನುಷ್ಯರ ಕ್ಯಾನ್ಸರಿಗೆ ಅದರಿಂದ ಉಪಯೋಗ ಅಂತ ತೋರಿಸಿದ ದೊಡ್ಡ ಟ್ರಯಲ್ ಒಂದೂ ಇಲ್ಲ.

ಆಸ್ಪಿರಿನ್ ಕತೆ ಇನ್ನೂ ಪಾಠದ್ದು. 2025ರ ಮಾರ್ಚಿನಲ್ಲಿ ಕೇಂಬ್ರಿಡ್ಜ್ ತಂಡ 'ನೇಚರ್' ಪತ್ರಿಕೆಯಲ್ಲಿ, ಆಸ್ಪಿರಿನ್ ಹೇಗೆ ಟಿ ಕೋಶಗಳ ಕಟ್ಟು ಬಿಚ್ಚಿ ಕ್ಯಾನ್ಸರ್ ಹರಡೋದನ್ನ ತಗ್ಗಿಸುತ್ತೆ ಅಂತ ತೋರಿಸ್ತು. ಚಂದದ ಕೆಲಸ, ಆದ್ರೆ ಇಲಿಗಳಲ್ಲಿ. ಅದೇ ವರ್ಷ ಸ್ಕ್ಯಾಂಡಿನೇವಿಯಾದ ಟ್ರಯಲ್‌ನಲ್ಲಿ, ಒಂದು ನಿರ್ದಿಷ್ಟ ಬಗೆಯ ಜೀನ್ ಬದಲಾವಣೆ ಇರುವ ಕರುಳಿನ ಕ್ಯಾನ್ಸರ್ ಮರುಕಳಿಸೋದು ಸುಮಾರು ಅರ್ಧಕ್ಕೆ ಇಳಿಯಿತು. ಹಾಗಾದ್ರೆ ಚಿಕ್ಕಮ್ಮನಿಗೆ? ಅಮೆರಿಕ ಮತ್ತು ಕೆನಡಾದಲ್ಲಿ 3020 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಇದೇ ಪ್ರಶ್ನೆ ಕೇಳಿದ್ರು. ಪ್ರಯೋಜನ ಕಾಣದೆ ಟ್ರಯಲನ್ನೇ ಅವಧಿಗೆ ಮೊದಲು ನಿಲ್ಲಿಸಿದ್ರು. ಫಾರ್ವರ್ಡ್‌ನಲ್ಲಿ ಇಲಿ ಇತ್ತು, ಈ 3020 ಮಂದಿ ಇರಲಿಲ್ಲ. ನಷ್ಟ ಎಂತ ಅಂದ್ರೆ, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತೆ. ಡೆಂಗಿ ನೋಡಿದ ಮಂಗಳೂರಿಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆಪರೇಷನ್ ಎದುರಿಗಿದ್ದಾಗ ಅದು ಸಣ್ಣ ಮಾತಲ್ಲ.

ಇಷ್ಟೆಲ್ಲದರ ನಡುವೆ ಯಾರೂ ಫಾರ್ವರ್ಡ್ ಮಾಡದ ಒಂದು ಔಷಧ ಇತ್ತು: ಲಿಡೋಕೇನ್. ಹಲ್ಲು ಕೀಳುವಾಗ ಮರಗಟ್ಟಿಸೋ ಇಂಜೆಕ್ಷನ್. 1940ರ ದಶಕದ್ದು, ಅಗ್ಗ. ಮುಂಬೈನ ಟಾಟಾ ಸ್ಮಾರಕದ ರಾಜೇಂದ್ರ ಬಡ್ವೆ ನೇತೃತ್ವದಲ್ಲಿ ದೇಶದ 11 ಕೇಂದ್ರಗಳಲ್ಲಿ 1600 ಮಹಿಳೆಯರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಗೆ 7ರಿಂದ 10 ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೋಕೇನ್. ಇನ್ನೊಂದಕ್ಕೆ ಬರೀ ಶಸ್ತ್ರಚಿಕಿತ್ಸೆ. ಯೋಚನೆ ಸರಳ: ಕತ್ತರಿ ಮುಟ್ಟಿದಾಗ ಕೋಶಗಳು ಕದಲಿ ಹೊರಡಬಹುದು, ಅವು ಚಲಿಸೋಕೆ ಬಳಸೋ ಸೋಡಿಯಂ ಬಾಗಿಲುಗಳನ್ನ ಲಿಡೋಕೇನ್ ಮುಚ್ಚುತ್ತೆ. ಫಲಿತಾಂಶ 2023ರಲ್ಲಿ ಪ್ರಕಟವಾಯ್ತು: ಐದು ವರ್ಷದ ನಂತರ ಬದುಕಿದ್ದವರು 90.1%, ಇಂಜೆಕ್ಷನ್ ಇಲ್ಲದವರಲ್ಲಿ 86.4%.

ಇದನ್ನೂ ಟೀಕಿಸದೆ ಬಿಡಬಾರದು. ಪತ್ರಿಕೆಗಳು "ಸಾವಿನ ಅಪಾಯ 29% ಕಡಿಮೆ" ಅಂತ ಬರೆದ್ವು. ಲೆಕ್ಕ ತಪ್ಪಲ್ಲ, ಆದ್ರೆ ಓದುಗನಿಗೆ ಬೇಕಾದ್ದು ನೂರಕ್ಕೆ ಸುಮಾರು ನಾಲ್ಕು ಜನ ಅನ್ನೋ ಮಾತು. ಎರಡನೇ ಗುಂಪಿಗೆ ಬರೀ ನೀರಿನ ಇಂಜೆಕ್ಷನ್ ಕೂಡ ಕೊಟ್ಟಿರಲಿಲ್ಲ. ಹಾಗಾಗಿ ಕೆಲಸ ಮಾಡಿದ್ದು ಔಷಧವೋ, ಸೂಜಿಯೋ ಅನ್ನೋ ಪ್ರಶ್ನೆ ಉಳಿಯುತ್ತೆ. ಬೇರೆ ದೇಶಗಳೂ ಇದನ್ನ ಮಾಡಿ ನೋಡಬೇಕು. ಅದಕ್ಕೆ ದುಡ್ಡು ಹಾಕೋ ಕಂಪನಿ ಸಿಗಲ್ಲ. ಟಾಟಾ ಸ್ಮಾರಕ ಅಣುಶಕ್ತಿ ಇಲಾಖೆಯಡಿ ಇರೋದು ಇಲ್ಲಿ ಮುಖ್ಯ: ಇಂಥ ಪ್ರಶ್ನೆ ಕೇಳೋಕೆ ಸಾರ್ವಜನಿಕ ದುಡ್ಡೇ ಬೇಕು. ಆದರೂ ನೂರಕ್ಕೆ ನಾಲ್ಕು, ಹಲ್ಲಿನ ಡಾಕ್ಟ್ರ ಇಂಜೆಕ್ಷನ್ನಿನಿಂದ, ಅಂದ್ರೆ ನಂಗೆ ದೊಡ್ಡ ವಿಷಯವೇ.

ಹಾಗಂತ ಪ್ರಿಂಟ್ ಹಿಡ್ಕೊಂಡು ಚಿಕ್ಕಮ್ಮನ ಸರ್ಜನ್ ಹತ್ರ ಹೋದೆ. ಅವರು ನಗಲಿಲ್ಲ, ಓದಿದ್ರು ಕೂಡ. "ಇದು ನೇರ ಆಪರೇಷನ್ ಆಗುವವರ ಮೇಲೆ ಮಾಡಿದ್ದು. ಇವ್ರ ಗಡ್ಡೆ ದೊಡ್ಡದುಂಟು, ಮೊದಲು ಕೀಮೋ ಆಗಬೇಕು. ಇಂಥವ್ರನ್ನ ಟ್ರಯಲ್‌ಗೆ ಸೇರಿಸಿರಲಿಲ್ಲ."

ಯಾರಿಗೆ, ಯಾವ ಹಂತದಲ್ಲಿ ಅಂತ ಕೇಳದೆ ನಾನೂ ಓಡಿದ್ದೆ. ಹದಿನೈದನೇ ಫಾರ್ವರ್ಡ್ ನಂದೇ.

ಹೊರಡುವಾಗ ಡಾಕ್ಟ್ರು ಈಗ ತಗೊಳ್ತಿರೋ ಎಲ್ಲ ಮಾತ್ರೆಗಳ ಪಟ್ಟಿ ಕೇಳಿದ್ರು. ಚಿಕ್ಕಮ್ಮ ಬಿಪಿ, ಶುಗರ್ ಅಂತ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಬ್ಯಾಗಿನಿಂದ ಕಸಿನ್ ತಂದಿದ್ದ ಆಸ್ಪಿರಿನ್ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ರು. ನಾಲ್ಕು ಮಾತ್ರೆ ಖಾಲಿಯಾಗಿತ್ತು.